ಅಂಗಳಕ್ಕೆ ಇಟ್ಟಿಗೆ ಹಾಸಿದರೆ ಬಾಳಿಕೆ ಬರುತ್ತಾ?

ದಾವಣಗೆರೆಯಲ್ಲಿ ಮನೆ ಕಟ್ಟಿಸುವವರ ಜೊತೆ ಓಡಾಡುವುದು ನನ್ನ ಕೆಲಸ. ಸುಣ್ಣ ಬಣ್ಣ ಮುಗಿದು ಗೃಹಪ್ರವೇಶದ ದಿನ ಗೊತ್ತಾಗುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ: "ಮುಂದಿನ ಅಂಗಳಕ್ಕೆ ಇಟ್ಟಿಗಿ ಹಾಸ್ಸೋಣ ಅಂತೀವಿ ಸಾರ್, ಹಳೇ ಮನಿ ಕಳೆ ಬರುತ್ತೆ. ಮಳಿಗೆ ಕರಗಲ್ವೇನ್ರೀ?"

ಚೆನ್ನಾಗಿ ಬೆಂದ ಇಟ್ಟಿಗೆ ಮಳೆಗೆ ಕರಗುವುದಿಲ್ಲ. ನಮ್ಮೂರಲ್ಲಿ ಅಂಗಳ ಹಾಳು ಮಾಡುವುದು ಅಡಿಯಲ್ಲಿರುವ ಎರೆ ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತೆ. ಅದರ ಮೇಲೆ ನೇರವಾಗಿ ಕಾಂಕ್ರೀಟ್ ಹಾಕಿದರೂ ಒಡೆಯುತ್ತೆ, ಟೈಲ್ಸ್ ಹಾಕಿದರೂ ಏಳುತ್ತೆ. ಮರಳಿನ ಮೇಲೆ, ಸಿಮೆಂಟಿಲ್ಲದೆ ಕೂರಿಸಿದ ಇಟ್ಟಿಗೆ ಮಣ್ಣಿನ ಜೊತೆ ಅಷ್ಟಿಷ್ಟು ಅಲುಗಾಡಿಕೊಂಡು ಹೋಗುತ್ತದೆ. ಹಾಗಾಗಿ ಇಟ್ಟಿಗೆಯ ಪರವಾಗಿ ನಾನು ಮಾತಾಡಿದರೆ ಅಂದಕ್ಕಿಂತ ಹೆಚ್ಚಾಗಿ ಈ ಕಾರಣಕ್ಕೆ.

'ಹಳೇ ಕಳೆ' ಅನ್ನುವ ಮಾತಿಗೆ ಮಾತ್ರ ನನಗೊಳಗೇ ನಗು. ನಮ್ಮ ಕಡೆ ಹಳೇ ಮನೆಗಳ ಅಂಗಳದಲ್ಲಿ ಸಗಣಿ ಸಾರಿಸಿದ ನೆಲ ಇರುತ್ತಿತ್ತು, ಅನುಕೂಲಸ್ಥರಾದರೆ ಕಲ್ಲು ಚಪ್ಪಡಿ. ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಈ ಸೀಮೆಯಲ್ಲಿ ಕಲ್ಲಿಗೇನೂ ಬರ ಇಲ್ಲ ಅಂತ ಬೇರೆ ಹೇಳಬೇಕಿಲ್ಲ. ಇಟ್ಟಿಗೆ ಅಂಗಳ ಬಂದದ್ದು ಮೊಬೈಲ್ ಫೋಟೋಗಳಿಂದ. ಇರಲಿ, ಹೆಂಚಿನ ಮಾಡು, ತುಳಸಿಕಟ್ಟೆ ಇರುವ ಮನೆಗೆ ಅದು ಒಪ್ಪುತ್ತದೆ ಅನ್ನುವುದು ಸುಳ್ಳಲ್ಲ.

ಈಗ ಕೆಲಸದ ವಿಷಯ. ಮೊದಲು ಒಂದಡಿಯಾದರೂ ಎರೆ ಮಣ್ಣು ತೆಗೆಸಿ, ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ತುಂಬಿಸಿ. ಒಂದೇ ಸಲ ಸುರಿದು ಮಟ್ಟ ಮಾಡಿದರೆ ಅದು ಮುಂದಿನ ಮಳೆಗಾಲಕ್ಕೆ ಕುಸಿಯುತ್ತದೆ. ನಾಲ್ಕು ನಾಲ್ಕು ಅಂಗುಲ ಹಾಕಿ, ನೀರು ಚಿಮುಕಿಸಿ, ದಿಮ್ಮಸು ಹೊಡೆಸಬೇಕು. ಅದರ ಮೇಲೆ ಒಂದೂವರೆ ಅಂಗುಲ ಎಂ ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು. ನೀರಿನ ವಾಟ ಮನೆಯಿಂದ ಹೊರಕ್ಕೆ, ಹತ್ತು ಅಡಿಗೆ ಎರಡು ಅಂಗುಲ. ವಾಟವನ್ನು ಗರಸಿನಲ್ಲೇ ಕೊಟ್ಟುಬಿಡಬೇಕು. ಮೇಲಿನ ಮರಳಿನಲ್ಲಿ ಸರಿ ಮಾಡಿಕೊಂಡರಾಯಿತು ಅನ್ನುವ ಮೇಸ್ತ್ರಿಯ ಮಾತು ಕೇಳಬೇಡಿ, ಮರಳು ದಪ್ಪ ಇದ್ದ ಕಡೆ ಇಟ್ಟಿಗೆ ಇಳಿಯುತ್ತದೆ. ಸುತ್ತಲೂ ಅಂಚುಗಲ್ಲು ಹಾಕಿ ಕಾಂಕ್ರೀಟಿನಲ್ಲಿ ಕೂರಿಸಿ. ಸಿಮೆಂಟ್ ಬೇಕಾಗಿರುವುದು ಅಲ್ಲಿ ಮಾತ್ರ. ಅಂಚು ಬಿಗಿ ಇಲ್ಲದ ಅಂಗಳ ವರ್ಷದೊಳಗೆ ಹೊರಕ್ಕೆ ಸರಿಯುತ್ತದೆ.

ಇಟ್ಟಿಗೆ ಆರಿಸುವಾಗ ಆತುರ ಬೇಡ. ನಾಡಭಟ್ಟಿಯಲ್ಲಿ ಉರಿಯ ಹತ್ತಿರ ಇದ್ದವು ಗಟ್ಟಿಯಾಗಿ ಬೆಂದಿರುತ್ತವೆ, ಹೊರಮೈಯವು ಅರೆಬೆಂದು ತಿಳಿಬಣ್ಣಕ್ಕೆ ಇರುತ್ತವೆ. ಗೋಡೆಗೆ ಬಂದ ಲೋಡಿನಲ್ಲಿ ಉಳಿದದ್ದನ್ನೇ ಅಂಗಳಕ್ಕೆ ಹಾಕಿಸುವವರಿದ್ದಾರೆ, ಮಳೆ ನೀರಿಗೆ ಪುಡಿಪುಡಿಯಾಗುವುದು ಅಂಥವೇ. ಎರಡು ಇಟ್ಟಿಗೆ ಒಂದಕ್ಕೊಂದು ಬಡಿದರೆ ಖಣ್ ಅನ್ನಬೇಕು, ಉಗುರಿಗೆ ಗೀರು ಬೀಳಬಾರದು. ಇನ್ನೂ ಅನುಮಾನ ಇದ್ದರೆ ಒಣ ಇಟ್ಟಿಗೆ ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿ, ಮೇಲಿನ ನೀರು ಒರೆಸಿ ಮತ್ತೆ ತೂಗಿ. ಸಾಮಾನ್ಯ ಇಟ್ಟಿಗೆಗೆ ಭಾರತೀಯ ಮಾನಕದ ಮಿತಿ ಶೇ 20. ಅಂದರೆ ಮೂರು ಕೆಜಿ ಇಟ್ಟಿಗೆ 600 ಗ್ರಾಂ ನೀರು ಕುಡಿಯಬಹುದು. ಅಂಗಳಕ್ಕಾದರೆ 450 ಗ್ರಾಂ ದಾಟದ ಇಟ್ಟಿಗೆ ಹುಡುಕಿ ಅಂತೀನಿ ನಾನು. ಚಳಿ ದೇಶಗಳಲ್ಲಿ ಇಟ್ಟಿಗೆಯೊಳಗಿನ ನೀರು ಹೆಪ್ಪುಗಟ್ಟಿ ಸೀಳುತ್ತದೆ, ಅಲ್ಲಿನ ನಿಯಮ ಬಿಗಿ. ದಾವಣಗೆರೆಯಲ್ಲಿ ಆ ಭಯ ಇಲ್ಲ.

9 ಅಂಗುಲ ಉದ್ದ, 4 ಅಗಲ, 3 ದಪ್ಪದ ಇಟ್ಟಿಗೆ ಅಗಲವಾಗಿ ಮಲಗಿಸಿದರೆ ಚದರಡಿಗೆ ನಾಲ್ಕು ಸಾಕು. ಮಗ್ಗುಲಾಗಿ ನಿಲ್ಲಿಸಿದರೆ ಐದೂಕಾಲರ ಮೇಲೆ ಹಿಡಿಯುತ್ತದೆ. ಜನ ಓಡಾಡುವ ಜಾಗಕ್ಕೆ ಮಲಗಿಸಿದ್ದು ಸಾಕು. ಕಾರು ನಿಲ್ಲುವ ಕಡೆ ಮಗ್ಗುಲಾಗಿಯೇ ಇಡಿ, ಅದೂ ಒಂದಕ್ಕೊಂದು ಅಡ್ಡ ಕೊಟ್ಟುಕೊಂಡು ಮೀನಿನ ಮುಳ್ಳಿನಂತೆ. ನೇರ ಸಾಲಿನಲ್ಲಿಟ್ಟರೆ ಚಕ್ರ ತಿರುಗಿದ ಹಾಗೆ ಸಾಲೇ ಸರಿಯುತ್ತದೆ. ಎಲ್ಲ ಹಾಸಿದ ಮೇಲೆ ಒಣ ಸಣ್ಣ ಮರಳು ಚೆಲ್ಲಿ, ಪೊರಕೆಯಲ್ಲಿ ಸಂದಿಗೆ ತುಂಬಿಸಬೇಕು. ಒಂದು ಮಳೆ ಕಳೆದ ಮೇಲೆ ಇನ್ನೊಮ್ಮೆ.

ಹೆಣ್ಣುಮಕ್ಕಳು ಕೇಳುವ ಪ್ರಶ್ನೆ ಬೇರೆ: "ರಂಗೋಲಿ ಎಲ್ಲಿ ಹಾಕೋದ್ರೀ?" ನ್ಯಾಯವಾದ ಪ್ರಶ್ನೆ. ಸಂದಿಗಳ ಮೇಲೆ ಎಳೆ ಕೂರುವುದಿಲ್ಲ, ಚುಕ್ಕಿ ಇಟ್ಟರೆ ಪುಡಿ ಮರಳಿನೊಳಗೆ ಹೋಗುತ್ತದೆ. ಹೊಸ್ತಿಲ ಮುಂದೆ ಮೂರಡಿ ಅಗಲದ ಚಪ್ಪಡಿ ಕೂರಿಸಿ, ಅದರ ಸುತ್ತ ಇಟ್ಟಿಗೆ ಹಾಸಿ. ನಲ್ಲಿಯ ಕೆಳಗೆ, ಪಾತ್ರೆ ತೊಳೆಯುವ ಕಡೆಯೂ ಕಲ್ಲೇ ಇರಲಿ. ಸದಾ ತೇವ, ನೆರಳು ಇರುವಲ್ಲಿ ಇಟ್ಟಿಗೆ ಪಾಚಿ ಕಟ್ಟಿ ಜಾರುತ್ತದೆ, ವಯಸ್ಸಾದವರಿರುವ ಮನೆಯಲ್ಲಿ ಅದು ಬೇಡವೇ ಬೇಡ.

ಮೊದಲ ವರ್ಷ ಬಿಳಿ ಪುಡಿ ಕಾಣಿಸಿಕೊಂಡರೆ ಗಾಬರಿ ಬೇಡ, ಇಟ್ಟಿಗೆಯ ಉಪ್ಪು ಹೊರಗೆ ಬರುತ್ತಿದೆ ಅಷ್ಟೆ. ಒಣ ಬ್ರಷ್ಷಿನಲ್ಲಿ ಉಜ್ಜಿ. ಗಡುಸು ಬೋರ್ ನೀರಲ್ಲಿ ದಿನಾ ತೊಳೆದರೆ ಇನ್ನಷ್ಟು ಬರುತ್ತದೆ, ಆಸಿಡ್ ಹಾಕಿದರಂತೂ ಮೈಯೇ ತಿನ್ನುತ್ತದೆ. ಸಂದಿಯಲ್ಲಿ ಗರಿಕೆ ಹುಟ್ಟುವುದೂ ಖಂಡಿತ, ವಾರಕ್ಕೊಮ್ಮೆ ಕೀಳುವ ವ್ಯವಧಾನ ಇಲ್ಲದವರು ಇದಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ತರಿಸುವಾಗಲೇ ಐವತ್ತು ಇಟ್ಟಿಗೆ ಹೆಚ್ಚು ತರಿಸಿ ಹಿತ್ತಲಲ್ಲಿ ಇಟ್ಟುಕೊಳ್ಳಿ. ಅದೇ ಭಟ್ಟಿಯವರೇ ಕೊಟ್ಟರೂ ಮುಂದಿನ ಸುಡುವಿಕೆಯ ಬಣ್ಣ ಬೇರೆ. ನಾಳೆ ಅಂಗಳದಡಿ ಪೈಪ್ ಸೋರಿದರೆ ಬೇಕಾದಷ್ಟು ಜಾಗದ ಇಟ್ಟಿಗೆ ಎತ್ತಿ, ರಿಪೇರಿ ಮಾಡಿ, ಅವನ್ನೇ ತಿರುಗಿ ಕೂರಿಸಬಹುದು. ಎತ್ತುವಾಗ ಮುರಿದದ್ದಕ್ಕೆ ಈ ಐವತ್ತು.