ಡಿಗ್ರಿ ಇದೆ, ಸಾಫ್ಟ್‌ವೇರ್ ಕೆಲಸ ಮಾತ್ರ ಸಿಗುತ್ತಿಲ್ಲ. ಇನ್ನೊಂದು ಕೋರ್ಸ್ ಮಾಡಲೇ?

ನೂರು ಕಡೆ ಅರ್ಜಿ ಹಾಕಿ ಸೋತವರು ಹೀಗೆ ಕೇಳುತ್ತಾರೆ. ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಎಲ್ಲಿ ಎಡವುತ್ತಿದ್ದೀರಿ ಎಂದು ನೋಡಿಕೊಳ್ಳಿ. ಕರೆಯೇ ಬರುತ್ತಿಲ್ಲವೋ, ಆನ್‌ಲೈನ್ ಪರೀಕ್ಷೆ ದಾಟುತ್ತಿಲ್ಲವೋ, ಸಂದರ್ಶನದಲ್ಲಿ ಕೈತಪ್ಪುತ್ತಿದೆಯೋ? ಮೂರಕ್ಕೂ ಮದ್ದು ಬೇರೆ ಬೇರೆ.

ಕರೆಯೇ ಬರದಿದ್ದರೆ ರೆಸ್ಯೂಮೆ ತೆರೆಯಿರಿ. ಅನೇಕ ಕಂಪನಿಗಳಲ್ಲಿ ಅದನ್ನು ಮೊದಲು ಓದುವುದು ಸಾಫ್ಟ್‌ವೇರ್. ಪಿಡಿಎಫ್‌ನಲ್ಲಿರುವುದನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ ನೋಡಿ. ಎರಡು ಕಾಲಂ ಇದ್ದರೆ ಸಾಲುಗಳು ಕಲಸಿಹೋಗಿರಬಹುದು, ಚಿತ್ರವಾಗಿ ಉಳಿಸಿದ್ದರೆ ಒಂದಕ್ಷರವೂ ಬರುವುದಿಲ್ಲ. ಒಂದೇ ಕಾಲಂ, ಒಂದೇ ಪುಟ ಸಾಕು. ಟ್ಯುಟೋರಿಯಲ್ ನೋಡಿ ಮಾಡಿದ ಐದು ಪ್ರಾಜೆಕ್ಟುಗಳಿಗಿಂತ, ಲಿಂಕ್ ಒತ್ತಿದರೆ ಓಡುವ ಒಂದೇ ಒಂದು ಮೇಲು. ಅದನ್ನು ಹೊಸ ಫೋಲ್ಡರಿಗೆ ಕ್ಲೋನ್ ಮಾಡಿ (ಕೋಡಿನ ಪೂರ್ತಿ ನಕಲು ಇಳಿಸಿಕೊಂಡು), ರೀಡ್‌ಮಿಯಲ್ಲಿ, ಅಂದರೆ ಓಡಿಸುವ ವಿಧಾನ ಹೇಳುವ ಫೈಲಿನಲ್ಲಿ, ಬರೆದ ಹಂತಗಳನ್ನಷ್ಟೇ ಅನುಸರಿಸಿ ಓಡಿಸಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಮಾತ್ರ ಇರುವ ಯಾವುದೋ ಸೆಟ್ಟಿಂಗ್ ಫೈಲ್ ಇಲ್ಲದೆ ಅಲ್ಲೇ ನಿಂತುಬಿಡಬಹುದು. ಪಾಸ್‌ವರ್ಡನ್ನು ಅಪ್ಪಿತಪ್ಪಿ ಗಿಟ್‌ಗೆ (ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಸಾಧನ) ಸೇರಿಸಿದ್ದರೆ ಅಳಿಸಿದರೆ ಸಾಲದು, ಹಳೆಯ ಕಮಿಟ್‌ನಲ್ಲಿ, ಅಂದರೆ ಹಿಂದೆ ದಾಖಲಿಸಿದ ಪ್ರತಿಯಲ್ಲಿ, ಉಳಿದಿರುತ್ತದೆ. ಪಾಸ್‌ವರ್ಡನ್ನೇ ಬದಲಾಯಿಸಿ.

ಪರೀಕ್ಷೆಯಲ್ಲಿ ನನಗೆ ಹೆಚ್ಚು ಸಂಕಟ ತರುವ ತಪ್ಪು, ಪ್ರಶ್ನೆಯ ಕೊನೆಯಲ್ಲಿರುವ ಮಿತಿಗಳನ್ನು ಓದದೆ ಕೋಡ್ ಬರೆಯಲು ಕೂರುವುದು. ಇನ್‌ಪುಟ್‌ನಲ್ಲಿ 1 ಲಕ್ಷ ಅಂಶಗಳವರೆಗೆ ಇರಬಹುದು ಎಂದಿದ್ದರೆ, ಲೂಪಿನೊಳಗೊಂದು ಲೂಪ್ ಹಾಕಿದರೆ 1,000 ಕೋಟಿ ಹೆಜ್ಜೆ. ಸೆಕೆಂಡಿಗೆ 10 ಕೋಟಿ ಎಂದು ಲೆಕ್ಕ ಹಿಡಿದರೂ 100 ಸೆಕೆಂಡ್ ಬೇಕು, ಸಾಮಾನ್ಯವಾಗಿ ಕೊಡುವುದು ಒಂದೆರಡು ಸೆಕೆಂಡ್. ಸಾರ್ಟ್ ಮಾಡಿ (ಕ್ರಮವಾಗಿ ಜೋಡಿಸಿ) ಬಿಡಿಸಲು ಬಂದರೆ ಸುಮಾರು 17 ಲಕ್ಷ ಹೆಜ್ಜೆಯಲ್ಲಿ ಮುಗಿಯುತ್ತದೆ. ಕೊಟ್ಟ ಉದಾಹರಣೆಗಳೆಲ್ಲ ಸರಿಬಂದು, ಮುಚ್ಚಿಟ್ಟ ಟೆಸ್ಟ್ ಕೇಸ್‌ಗಳಲ್ಲಿ ಬೀಳುವುದು ಹೀಗೇ. ಖಾಲಿ ಪಟ್ಟಿ, ಒಂದೇ ಅಂಶದ ಪಟ್ಟಿ ಕೊಟ್ಟರೆ ಏನಾಗುತ್ತದೆ ಎಂದೂ ಓಡಿಸಿ ನೋಡಿ.

ಸಂದರ್ಶನದಲ್ಲಿ ವ್ಯಾಖ್ಯೆ ಒಪ್ಪಿಸಿದರೆ ಸಾಲುವುದಿಲ್ಲ. ಡೇಟಾಬೇಸಿನ ಒಂದು ಉದಾಹರಣೆ ನೋಡಿ. ಎಡಗಡೆಯ ಟೇಬಲ್ಲಿನ ಎಲ್ಲ ಸಾಲುಗಳನ್ನೂ ಉಳಿಸಿಕೊಂಡು ಬಲಗಡೆಯದನ್ನು ಜೋಡಿಸುವ ಲೆಫ್ಟ್ ಜಾಯಿನ್ ಬರೆದು, ಬಲಗಡೆಯ ಟೇಬಲ್ಲಿನ ಒಂದು ಕಾಲಂ ಇಂಥ ಮೌಲ್ಯಕ್ಕೆ ಸಮವಿರಬೇಕು ಎಂಬ ಷರತ್ತನ್ನು ಸಾಲುಗಳನ್ನು ಸೋಸುವ ವೇರ್ (WHERE) ಭಾಗದಲ್ಲಿ ಹಾಕಿದರೆ, ಜೋಡಿ ಸಿಗದ ಸಾಲುಗಳು ಬಿದ್ದುಹೋಗುತ್ತವೆ. ಆ ಸಾಲುಗಳ ಬಲಗಡೆಯ ಕಾಲಂನಲ್ಲಿ ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ಇರುತ್ತದೆ, ನಲ್ ಯಾವುದಕ್ಕೂ ಸಮವಾಗುವುದಿಲ್ಲ. ಈ ‘ಯಾಕೆ’ಯನ್ನು ಬಾಯಿಬಿಟ್ಟು ವಿವರಿಸಿ ಅಭ್ಯಾಸ ಮಾಡಿ.

ಡೆವಲಪರ್ ಹುದ್ದೆಯೇ ಬೇಕೆಂದು ಹಟ ಹಿಡಿಯಬೇಕಿಲ್ಲ. ಟೆಸ್ಟಿಂಗ್, ಸಪೋರ್ಟ್ ಕೆಲಸಗಳಿಂದಲೂ ದಾರಿ ಇದೆ, ಆದರೆ ಅಲ್ಲಿ ಸ್ಕ್ರಿಪ್ಟ್ ಬರೆಯುವ ಅವಕಾಶ ಇದೆಯೇ ಎಂದು ಸೇರುವ ಮೊದಲೇ ಕೇಳಿ. ಎಲ್ಲರಿಗೂ ಕೋಡ್ ತೆರೆದಿಟ್ಟಿರುವ ಓಪನ್ ಸೋರ್ಸ್ ಪ್ರಾಜೆಕ್ಟುಗಳಲ್ಲಿ ಹೊಸಬರು ಮಾರ್ಗದರ್ಶಕರ ಜೊತೆ ಕೆಲಸ ಮಾಡುವ ಕಾರ್ಯಕ್ರಮ, 2005ರಲ್ಲಿ ಶುರುವಾದ ಗೂಗಲ್ ಸಮ್ಮರ್ ಆಫ್ ಕೋಡ್, 2022ರಿಂದ ವಿದ್ಯಾರ್ಥಿಗಳಲ್ಲದ ಹೊಸಬರಿಗೂ ತೆರೆದಿದೆ. ಅರ್ಜಿಯ ಗಡುವಿನ ವಾರದಲ್ಲಿ ಬಾಗಿಲು ತಟ್ಟಬೇಡಿ. ತಿಂಗಳುಗಳ ಮೊದಲೇ ನೀವು ಆರಿಸಿಕೊಂಡ ಪ್ರಾಜೆಕ್ಟನ್ನು ನಿಮ್ಮ ಯಂತ್ರದಲ್ಲಿ ಬಿಲ್ಡ್ ಮಾಡಿ (ಕೋಡಿನಿಂದ ಓಡುವ ಪ್ರೋಗ್ರಾಮ್ ತಯಾರಿಸಿ), ಒಂದು ಸಣ್ಣ ಬಗ್ ಸರಿಪಡಿಸಿ ಕಳಿಸಿ.