ಬೆಳಕು ಬೀಳುವ ಹೊತ್ತಿನ ಲೆಕ್ಕ

16 ಮಾರ್ಚ್ 2025, ಭಾನುವಾರ

ಭಾನುವಾರ ರಾತ್ರಿ ನಿದ್ದೆ ಬಾರದೆ ಹೊರಳಾಡುವವರು ಬಹಳ ಮಂದಿ. ಸೋಮವಾರದ ಕೆಲಸದ ಚಿಂತೆ ಇರಬೇಕು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಕಾರಣ ಹಿಂದಿನ ಎರಡು ರಾತ್ರಿಗಳಲ್ಲಿರುತ್ತದೆ. ವಾರವಿಡೀ 11ಕ್ಕೆ ಮಲಗಿ 6ಕ್ಕೆ ಏಳುವವರ ನಿದ್ದೆಯ ನಡುಗಾಲ ರಾತ್ರಿ 2:30. ರಜೆಯಲ್ಲಿ 2ಕ್ಕೆ ಮಲಗಿ 10ಕ್ಕೆ ಎದ್ದರೆ ಅದು ಬೆಳಿಗ್ಗೆ 6ಕ್ಕೆ ಜಾರುತ್ತದೆ. ಮೂರೂವರೆ ಗಂಟೆಯ ವ್ಯತ್ಯಾಸ. ಊರು ಬಿಟ್ಟು ಕದಲದಿದ್ದರೂ ದೇಹಕ್ಕೆ ಬೇರೆ ದೇಶಕ್ಕೆ ಹೋಗಿ ಬಂದ ಆಯಾಸವೇ.

ಇದು ಯಾಕೆ ಹೀಗೆ ಅನ್ನುವುದು ತಿಳಿದರೆ ಮುಂದಿನದೆಲ್ಲ ಸುಲಭ. ಮಿದುಳಿನ ಹೈಪೋಥಲಮಸ್‌ನಲ್ಲಿ, ಎರಡು ಕಣ್ಣುಗಳ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆಯೇ, ಸುಮಾರು 20,000 ನರಕೋಶಗಳ ಒಂದು ಜೋಡಿ ಗೊಂಚಲಿದೆ. ದೇಹದ ಮುಖ್ಯ ಗಡಿಯಾರ ಅದೇ. ಅದರ ಪಾಡಿಗೆ ಬಿಟ್ಟರೆ ಒಂದು ಸುತ್ತಿಗೆ ಸರಾಸರಿ 24.2 ಗಂಟೆ ತೆಗೆದುಕೊಳ್ಳುತ್ತದೆ, ಅಂದರೆ ದಿನಕ್ಕೆ ಹತ್ತು ಹನ್ನೆರಡು ನಿಮಿಷ ತಡವಾಗುತ್ತದೆ. ಆ ತಡವನ್ನು ದಿನಾ ಸರಿಮಾಡುವುದು ಕಣ್ಣಿಗೆ ಬೀಳುವ ಬೆಳಕು. ಅಕ್ಷಿಪಟದ ಕೆಲವು ಕೋಶಗಳಿಗೆ ಬೆಳಕು ಎಷ್ಟಿದೆ ಎಂದು ಈ ಗಡಿಯಾರಕ್ಕೆ ತಿಳಿಸುವುದೇ ಮುಖ್ಯ ಕೆಲಸ. ಅವು 480 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ. ದೃಷ್ಟಿ ಪೂರ್ತಿ ಹೋದ ಎಷ್ಟೋ ಜನರ ನಿದ್ದೆಯ ಹೊತ್ತು ದಿನದಿಂದ ದಿನಕ್ಕೆ ಜಾರುತ್ತಾ ಹೋಗುವುದು ಈ ಸೂಚನೆ ಸಿಗದ ಕಾರಣಕ್ಕೆ.

ಆದರೆ ಬೆಳಕು ಯಾವಾಗಲೂ ಒಂದೇ ಕಡೆಗೆ ತಳ್ಳುವುದಿಲ್ಲ. ತಾನಾಗಿ ಎಚ್ಚರವಾಗುವ ಹೊತ್ತಿಗೆ ಎರಡು ಮೂರು ಗಂಟೆ ಮುಂಚೆ ದೇಹದ ಉಷ್ಣತೆ ತೀರ ಕೆಳಕ್ಕೆ ಇಳಿಯುತ್ತದೆ. ಅದನ್ನು ತಳ ಎನ್ನೋಣ. ತಳಕ್ಕೆ ಮುಂಚಿನ ಕೆಲವು ಗಂಟೆಗಳಲ್ಲಿ ಬಿದ್ದ ಬೆಳಕು ನಾಳೆಯ ನಿದ್ದೆಯನ್ನು ತಡ ಮಾಡುತ್ತದೆ, ತಳ ದಾಟಿದ ಮೇಲೆ ಬಿದ್ದದ್ದು ಬೇಗ ಮಾಡುತ್ತದೆ. ಪ್ರಯಾಣವಾಗಲಿ ಪಾಳಿಯಾಗಲಿ, ಇಡೀ ಲೆಕ್ಕ ನಿಂತಿರುವುದು ಇದರ ಮೇಲೆ.

ಉದಾಹರಣೆಗೆ, 7ಕ್ಕೆ ಏಳುವವರ ತಳ 4:30 ಅಂತಿಟ್ಟುಕೊಳ್ಳಿ. ಅವರು ಪೂರ್ವಕ್ಕೆ, 8 ಗಂಟೆ ಮುಂದಿರುವ ಊರಿಗೆ ಹಾರಿದರೆ ಅಲ್ಲಿ ಅದು ಮಧ್ಯಾಹ್ನ 12:30. ಬೆಳಿಗ್ಗೆ ಇಳಿದ ಕೂಡಲೇ ಬಿಸಿಲಿಗೆ ಹೋಗಿ ಅಂತ ಎಲ್ಲರೂ ಹೇಳುತ್ತಾರಲ್ಲ, ಇವರ ಪಾಲಿಗೆ ಅದು ತಪ್ಪು ಸಲಹೆ, ಗಡಿಯಾರವನ್ನು ಇನ್ನಷ್ಟು ತಡಮಾಡುತ್ತದೆ. ಮೊದಲ ದಿನ 12:30ರವರೆಗೆ ಒಳಗೇ ಇರಬೇಕು, ಇಲ್ಲವೇ ದಟ್ಟ ಕಪ್ಪು ಕನ್ನಡಕ ಹಾಕಬೇಕು. ಆಮೇಲೆ 4ರವರೆಗೆ ಹೊರಗಿರಲಿ. ಮರುದಿನದಿಂದ ಈ ಅವಧಿಯನ್ನು ದಿನಕ್ಕೆ ಒಂದು ಗಂಟೆಯಂತೆ ಮುಂಚೆ ತರುತ್ತಾ ಹೋದರೆ ಸಾಕು. ಗಡಿಯಾರ ಸರಿಯುವ ವೇಗ ಸುಮಾರಾಗಿ ಅಷ್ಟೇ.

ರಾತ್ರಿ ಪಾಳಿಯಲ್ಲಿ ಪರಿಸ್ಥಿತಿ ಕಷ್ಟದ್ದು. 11ರಿಂದ 7ರವರೆಗೆ ದುಡಿದು ಮಲಗುವ ಹೊತ್ತಿಗೆ ದೇಹದ ಉಷ್ಣತೆ ಏರತೊಡಗಿರುತ್ತದೆ, ಹಾಗಾಗಿ ಎಷ್ಟೇ ದಣಿದಿದ್ದರೂ ಮಲಗಿದ ನಾಲ್ಕೈದು ಗಂಟೆಯಲ್ಲೇ ಎಚ್ಚರವಾಗಿಬಿಡುತ್ತದೆ. ಒಂದೆರಡು ರಾತ್ರಿಯ ಪಾಳಿಯಾದರೆ ಗಡಿಯಾರದ ಗೊಡವೆಗೆ ಹೋಗಬೇಡಿ. ಪಾಳಿಗೆ ಮುಂಚೆ ಒಂದೂವರೆ ಗಂಟೆ ಮಲಗಿ ಸುಧಾರಿಸಿಕೊಳ್ಳಿ. ತಿಂಗಳುಗಟ್ಟಲೆ ಇದೇ ಪಾಳಿಯಾದರೆ ತಳವನ್ನು ಬೆಳಿಗ್ಗೆ 10ರ ಸುಮಾರಿಗೆ ತಂದು ಹಗಲುನಿದ್ದೆಯೊಳಗೆ ಕೂರಿಸಬೇಕು. ಪೂರ್ತಿ ತಿರುಗಿಸುವ ಹಠ ಬೇಡ, ಅದು ರಜೆಯ ದಿನ ಮನೆಯವರ ಜೊತೆ ಬದುಕಲು ಬಿಡುವುದಿಲ್ಲ. ಕೆಲಸದ ಮೊದಲರ್ಧದಲ್ಲಿ ಪ್ರಖರ ಬೆಳಕಿರಲಿ. ಮನೆಗೆ ಮರಳುವಾಗ ಕಪ್ಪು ಕನ್ನಡಕ ಹಾಕಿ, ಆದರೆ ತೂಕಡಿಕೆ ಇರುವಾಗ ಅದನ್ನು ಹಾಕಿಕೊಂಡು ಗಾಡಿ ಓಡಿಸಬಾರದು, ಬಸ್ಸೋ ಇನ್ನೊಬ್ಬರ ಗಾಡಿಯೋ ಹಿಡಿಯಬೇಕು. ಮಲಗುವ ಕೋಣೆಯಲ್ಲಿ ಕೈ ಚಾಚಿದರೆ ಬೆರಳು ಕಾಣದಷ್ಟು ಕತ್ತಲಿರಲಿ. ರಜೆಯ ರಾತ್ರಿ 3ಕ್ಕೆ ಮಲಗಿ ಮಧ್ಯಾಹ್ನ 12ಕ್ಕೆ ಎದ್ದರೆ ಕಟ್ಟಿದ್ದು ಕೆಡುವುದಿಲ್ಲ.

ಕಾಫಿ ಪಾಳಿಯ ಮೊದಲರ್ಧಕ್ಕೆ ಮಾತ್ರ. ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ನಸುಕಿನ 4ಕ್ಕೆ ಕುಡಿದದ್ದರ ಅರ್ಧ 9ಕ್ಕೆ, ಮಲಗಲು ಹೆಣಗುವಾಗ, ರಕ್ತದಲ್ಲೇ ಇರುತ್ತದೆ.

ಊಟದ ಹೊತ್ತನ್ನು ಹಲವರು ಮರೆಯುತ್ತಾರೆ. ಯಕೃತ್ತಿಗೆ, ಮೇದೋಜೀರಕ ಗ್ರಂಥಿಗೆ ತಮ್ಮವೇ ಗಡಿಯಾರಗಳಿವೆ, ಅವು ಊಟ ನೋಡಿಕೊಂಡು ಹೊತ್ತು ಹೊಂದಿಸಿಕೊಳ್ಳುತ್ತವೆ. ರಾತ್ರಿ ಇನ್ಸುಲಿನ್ ಕೆಲಸ ಮಂದ. ಅದೇ ಊಟ ಬೆಳಿಗ್ಗೆಗಿಂತ ನಡುರಾತ್ರಿ ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ. ಹೊಟ್ಟೆ ತುಂಬಾ ಉಣ್ಣುವುದು ಪಾಳಿಗೆ ಮುಂಚೆಯೇ ಮುಗಿಯಲಿ, 12ರಿಂದ 6ರ ನಡುವೆ ಹಸಿವು ತಡೆಯುವಷ್ಟೇ ಸಾಕು. ವರ್ಷಗಟ್ಟಲೆ ರಾತ್ರಿ ದುಡಿದವರಲ್ಲಿ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಹೆಚ್ಚು. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 2007ರಲ್ಲಿ ಮೊದಲು, 2019ರಲ್ಲಿ ಮತ್ತೆ ರಾತ್ರಿ ಪಾಳಿಯನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಗುಂಪಿಗೆ ಸೇರಿಸಿದೆ. ಪಾಳಿಪಟ್ಟಿ ಹಾಕುವವರು ಕನಿಷ್ಠ ಬೆಳಿಗ್ಗೆ, ಸಂಜೆ, ರಾತ್ರಿ ಎಂಬ ಕ್ರಮದಲ್ಲಿ ಸರಿಸಲಿ. ತಡವಾಗುವುದೇ ದೇಹಕ್ಕೆ ಸಹಜ, ಉಲ್ಟಾ ಕ್ರಮ ಅನಗತ್ಯ ಹಿಂಸೆ.

ಭಾನುವಾರದ ಹೊರಳಾಟಕ್ಕೆ ಇಷ್ಟೆಲ್ಲ ಬೇಕಿಲ್ಲ. ರಜೆಯಲ್ಲೂ ಕೆಲಸದ ದಿನಕ್ಕಿಂತ ಒಂದು ಗಂಟೆಗೂ ಹೆಚ್ಚು ತಡವಾಗಿ ಏಳಬೇಡಿ, ಬಾಕಿ ನಿದ್ದೆಯನ್ನು ಮಧ್ಯಾಹ್ನ 3ರೊಳಗೆ 20 ನಿಮಿಷದಲ್ಲಿ ತೀರಿಸಿ. ಎದ್ದ ಅರ್ಧ ಗಂಟೆಯೊಳಗೆ ಹೊರಗೆ ಹೋಗಿ. ಬೆಳಕನ್ನು ಅಳೆಯುವುದು ಲಕ್ಸ್‌ನಲ್ಲಿ. ದೀಪ ಹಚ್ಚಿದ ಕೋಣೆಯಲ್ಲಿ 300ರಿಂದ 500 ಲಕ್ಸ್ ಇದ್ದರೆ ಹೆಚ್ಚು. ಮೋಡ ಮುಸುಕಿದ ಹಗಲಲ್ಲೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ.

ಮೆಲಟೋನಿನ್ ಮಾತ್ರೆಯ ಬಗ್ಗೆ ಒಂದು ಮಾತು. ಮೆಲಟೋನಿನ್ ಅಂದರೆ ರಾತ್ರಿಯಾಯಿತೆಂದು ದೇಹಕ್ಕೆ ತಿಳಿಸುವ ಹಾರ್ಮೋನ್. ದೇಹದಲ್ಲಿ ಇದು ತಾನಾಗಿ ಏರತೊಡಗುವುದು ಮಲಗುವುದಕ್ಕೆ ಸುಮಾರು ಎರಡು ಗಂಟೆ ಮುಂಚೆ. ನಿದ್ದೆಯನ್ನು ಬೇಗ ಮಾಡಬೇಕಾದರೆ ಮಾತ್ರೆ ಅದಕ್ಕೂ ಕೆಲವು ಗಂಟೆ ಮೊದಲು ಸೇರಬೇಕು, 0.5 ಮಿಲಿಗ್ರಾಂ ಕೂಡ ಕೆಲಸ ಮಾಡುತ್ತದೆ. ಮಲಗುವಾಗ 10 ಮಿಲಿಗ್ರಾಂ ನುಂಗಿದರೆ ಮಂಪರು ಬೆಳಗಿನವರೆಗೆ ಉಳಿಯಬಹುದು, ಗಡಿಯಾರ ಅದಕ್ಕೆ ತಕ್ಕಷ್ಟು ಸರಿಯುವುದಿಲ್ಲ. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು, ಮೂರ್ಛೆರೋಗ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.