ಮತ್ತೆ ಅದೇ ಪಬ್ ಮಾಲೀಕ

ಮಧ್ಯಾಹ್ನ ಸುಮ್ನೆ ‘ದಿ ರೆಪ್ಟೈಲ್’ ಸಿನಿಮಾ ಹಾಕಿಕೊಂಡು ಕೂತೆ. 1966ರದ್ದು. ಪಬ್ ಮಾಲೀಕ ತೆರೆ ಮೇಲೆ ಬಂದ.
ಅರೆ, ಮತ್ತೆ ಇವನೇ! ನಟ ಮೈಕೆಲ್ ರಿಪ್ಪರ್.

ಬ್ರಿಟನ್ನಿನ ಹ್ಯಾಮರ್ ಕಂಪನಿಯ ದೆವ್ವದ ಸಿನಿಮಾ ಯಾವುದೇ ಹಾಕಿ, ಮೂಲೆಯಲ್ಲೆಲ್ಲೋ ಈತ ಸಿಕ್ಕೇ ಸಿಗ್ತಾನೆ ಅನ್ನಿಸುತ್ತೆ. ಪೊಲೀಸು, ಗುಮಾಸ್ತ, ಪಬ್ ಮಾಲೀಕ. ಡ್ರಾಕುಲಾ ಆದ ಕ್ರಿಸ್ಟೋಫರ್ ಲೀಗಿಂತ ಜಾಸ್ತಿ ಹ್ಯಾಮರ್ ಸಿನಿಮಾ ಮಾಡಿದ್ದಾನೆ. ಪೋಸ್ಟರಲ್ಲಿ ಮಾತ್ರ ಲೀ!

1952ರಲ್ಲಿ ಥೈರಾಯ್ಡ್ ಆಪರೇಷನ್ ಆಗಿ ರಿಪ್ಪರ್‌ನ ದನಿ ಕುಗ್ಗಿತಂತೆ. ನಾಟಕಕ್ಕೆ ಅದು ಸಾಲದು. ಸಿನಿಮಾ ಮೈಕಿಗೆ ಧಾರಾಳ ಸಾಕಾಯಿತು, ಅಲ್ವಾ?

‘ದಿ ಮಮ್ಮೀಸ್ ಶ್ರೌಡ್’ನಲ್ಲಿ ಯಜಮಾನನ ಬೈಗುಳ ತಿನ್ನುವ ಸೆಕ್ರೆಟರಿ. ಕನ್ನಡಕ ಇಲ್ಲ, ಎದುರಿಗೇ ಮಮ್ಮಿ, ಅಂದ್ರೆ ಎದ್ದು ಬಂದ ಈಜಿಪ್ಟಿನ ಹೆಣ, ಬಂದರೂ ಪಾಪ ಸರಿಯಾಗಿ ಕಾಣಿಸುವುದಿಲ್ಲ. ಆ ಸಿನಿಮಾದಲ್ಲಿ ಬೇರೆ ಯಾರು ಸತ್ತರೂ ನನಗೆ ಅಷ್ಟು ಬೇಜಾರಾಗಲಿಲ್ಲ.